ಸ್ಥಿರ ಜಾಲತಾಣಗಳಲ್ಲಿ ಶೋಧನೆ: ಅದರ ಕೊರತೆಯೂ ಪರಿಹಾರವೂ

ದೊಡ್ಡದೊಂದು ಗ್ರಂಥದಲ್ಲಿ ತನಗೆ ಬೇಕಾದ ಒಂದು ಹೆಸರನ್ನೋ ಒಂದು ಊರನ್ನೋ ಹುಡುಕಬೇಕಾದವನು ಮೊದಲ ಪುಟದಿಂದ ಓದುತ್ತ ಕೂರುವುದಿಲ್ಲ. ಕೊನೆಯಲ್ಲಿರುವ ಪದಸೂಚಿಯನ್ನು ತೆರೆಯುತ್ತಾನೆ. ಸೂಚಿಯಿಲ್ಲದ ಗ್ರಂಥವು ಎಷ್ಟೇ ಘನವಾಗಿದ್ದರೂ ಬೀಗದ ಕೈ ಕಳೆದುಹೋದ ಕಣಜದಂತೆ. ಒಳಗೆ ಕಾಳಿದೆ, ಹಸಿದವನಿಗೆ ದೊರೆಯದು. ಗ್ರಂಥಾಲಯಶಾಸ್ತ್ರದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಓದುಗನ ವೇಳೆಯನ್ನು ಉಳಿಸಬೇಕೆಂಬುದೂ ಒಂದು. ಮುದ್ರಿತ ಗ್ರಂಥಕ್ಕೆ ಸಲ್ಲುವ ಈ ಮಾತು ಇಂದು ಅಂತರ್ಜಾಲದಲ್ಲಿ ಪ್ರಕಟವಾಗುವ ಬರಹಕ್ಕೂ ಅಷ್ಟೇ ಸಲ್ಲುತ್ತದೆ.

ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೂ ಜಾಲತಾಣದ ಒಳಗುಟ್ಟಿಗೂ ಏನು ಸಂಬಂಧವೆಂದು ಕೆಲವು ಮಿತ್ರರು ಕೇಳಬಹುದು. ಸಂಬಂಧವಿದೆ. ಊರೂರಿನ ಜನಪದ ಗೀತೆಗಳನ್ನು ಬರೆದುಕೊಂಡವರು, ಶಾಸನಗಳ ಪಾಠವನ್ನು ಪ್ರತಿಮಾಡಿಕೊಂಡವರು, ಹಳೆಯ ಸಂಚಿಕೆಗಳ ಲೇಖನಗಳನ್ನು ಒಟ್ಟುಗೂಡಿಸಿದವರು ನಮ್ಮ ನಡುವೆಯೇ ಇದ್ದಾರೆ. ಅವರ ಸಂಗ್ರಹಗಳು ಟ್ರಂಕಿನಲ್ಲಿ ಕೊಳೆಯದೆ ಎಲ್ಲರಿಗೂ ದೊರೆಯಬೇಕಾದರೆ, ಖರ್ಚಿಲ್ಲದೆ ಪ್ರಕಟಿಸಲು ಸ್ಥಿರ ಜಾಲತಾಣವು ಒಂದು ಒಳ್ಳೆಯ ಸಾಧನ. ಆದರೆ ಪುಟಗಳು ನೂರನ್ನು ದಾಟಿದೊಡನೆ ಒಂದು ತೊಡಕು ಎದುರಾಗುತ್ತದೆ. ಹುಡುಕುವ ಪೆಟ್ಟಿಗೆಯು ತಾಣದಲ್ಲಿ ಕಾಣಿಸುವುದೇ ಇಲ್ಲ. ಕಾಣಿಸಿದರೂ ಕೇಳಿದ ಪದಕ್ಕೆ ಉತ್ತರ ಕೊಡುವುದಿಲ್ಲ. ಈ ತೊಡಕಿನ ಕಾರಣಗಳೇನು, ಅವನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬ ವಿಚಾರವಾಗಿ ನಾನು ಅಭ್ಯಾಸದಿಂದ ತಿಳಿದುಕೊಂಡ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಥಿರತಾಣದ ಸ್ವಭಾವ

ಜಾಲತಾಣಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಓದುಗನು ಪುಟವನ್ನು ಕೇಳಿದಾಗ ಅಲ್ಲಿಂದಲ್ಲೇ ಅದನ್ನು ಸಿದ್ಧಪಡಿಸಿ ಕೊಡುವುದು ಒಂದು ಬಗೆ. ಮೊದಲೇ ಸಿದ್ಧಪಡಿಸಿಟ್ಟ ಪುಟವನ್ನು ಇದ್ದಂತೆಯೇ ತೆಗೆದುಕೊಡುವುದು ಇನ್ನೊಂದು ಬಗೆ. ಮೊದಲನೆಯದನ್ನು ಅಡುಗೆಯ ಮನೆಗೂ ಎರಡನೆಯದನ್ನು ಬುತ್ತಿಯ ಗಂಟಿಗೂ ಹೋಲಿಸಬಹುದು. ಬುತ್ತಿಯಲ್ಲಿ ಕಟ್ಟಿಟ್ಟದ್ದು ಮಾತ್ರ ಸಿಕ್ಕುತ್ತದೆ. ಬಿಸಿಯಾಗಿ ಬೇರೊಂದನ್ನು ಮಾಡಿಕೊಡಲು ಅಲ್ಲಿ ಒಲೆಯೇ ಇಲ್ಲ.

ಇತಿಹಾಸದಲ್ಲಿ ನೋಡಿದರೆ ಎರಡನೆಯ ಬಗೆಯೇ ಹಳೆಯದು. ಟಿಮ್ ಬರ್ನರ್ಸ್ ಲೀ ಅವರು ಸ್ವಿಟ್ಸರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ 1990ರ ಸುಮಾರಿಗೆ ಜಾಲವನ್ನು ಆರಂಭಿಸಿದಾಗ ಸರ್ವರಿನ ಮುಖ್ಯ ಕೆಲಸ ಫೈಲನ್ನು ಓದಿ ಕಳುಹಿಸುವುದೇ ಆಗಿತ್ತು. 1993ರಲ್ಲಿ ಸಿ.ಜಿ.ಐ. ಎಂಬ ಏರ್ಪಾಡು ಬಂದ ಮೇಲೆ ಓದುಗನ ಕೇಳಿಕೆಗೆ ತಕ್ಕಂತೆ ಸರ್ವರಿನಲ್ಲಿ ಪ್ರೋಗ್ರಾಮು ಓಡಿಸಿ ಉತ್ತರ ಕೊಡುವ ಪದ್ಧತಿ ಹಬ್ಬಿತು. 2008ರಲ್ಲಿ ಟಾಮ್ ಪ್ರೆಸ್ಟನ್ ವರ್ನರ್ ಅವರು ಜೆಕಿಲ್ ಎಂಬ ಸಾಧನವನ್ನು ಹೊರತಂದರು. ಬರಹಗಳ ಫೈಲುಗಳನ್ನು ಒಮ್ಮೆಗೇ ಪುಟಗಳಾಗಿ ಪರಿವರ್ತಿಸಿಡುವುದು ಅದರ ಕೆಲಸ. ಅದೇ ವರ್ಷದ ಕೊನೆಯಲ್ಲಿ ಗಿಟ್‌ಹಬ್ ಪೇಜಸ್ ಎಂಬ ಹೋಸ್ಟ್ ಆರಂಭವಾಯಿತು. ಹೀಗೆ ಹಳೆಯ ಪದ್ಧತಿಯು ಹೊಸ ವೇಷದಲ್ಲಿ ಮತ್ತೆ ಬಳಕೆಗೆ ಬಂದಿತು. ಹ್ಯೂಗೋ, ಎಂಕೆಡಾಕ್ಸ್, ಸ್ಫಿಂಕ್ಸ್ ಮೊದಲಾದುವೂ ಇದೇ ಕುಲದ ಸಾಧನಗಳು.

ಈ ಪದ್ಧತಿಯ ಗುಣಗಳು ಹಲವು. ಖರ್ಚು ಕಡಮೆ, ವೇಗ ಹೆಚ್ಚು, ಕಳ್ಳರು ನುಗ್ಗುವ ಬಾಗಿಲುಗಳು ಕಡಮೆ. ಆದರೆ ಗುಣವಿದ್ದಲ್ಲಿಯೇ ಕೊರತೆಯೂ ಇದೆ. ಓದುಗನು “ಹಂಪೆ ಎಂಬ ಪದ ಯಾವ ಯಾವ ಪುಟಗಳಲ್ಲಿದೆ?” ಎಂದು ಕೇಳಿದರೆ ಸ್ಥಿರ ಹೋಸ್ಟಿಗೆ ಆ ಪ್ರಶ್ನೆಯೇ ಅರ್ಥವಾಗದು. ಇಂಥ ಹೆಸರಿನ ಫೈಲನ್ನು ಕೊಡು ಎಂದರೆ ಕೊಡುತ್ತದೆ. ಆ ಹೆಸರಿನ ಫೈಲು ಇಲ್ಲದಿದ್ದರೆ 404 ಎಂಬ ಅಂಕೆಯನ್ನು ತೋರಿಸಿ ಇಲ್ಲವೆನ್ನುತ್ತದೆ. ಅದರ ವಿದ್ಯೆಯೆಲ್ಲ ಇಷ್ಟೇ. ಹುಡುಕುವ ಪೆಟ್ಟಿಗೆ ಕಾಣೆಯಾದಾಗ ಹೋಸ್ಟನ್ನು ದೂರುವುದರಿಂದ ಪ್ರಯೋಜನವಿಲ್ಲದಿರುವುದು ಈ ಕಾರಣದಿಂದಲೇ. ಅದು ಹುಡುಕಿಕೊಡುತ್ತೇನೆಂದು ಎಂದೂ ಒಪ್ಪಿಕೊಂಡಿರಲಿಲ್ಲ.

ಹಾಗಾದರೆ ಹುಡುಕುವವರು ಯಾರು?

ಇಂಥ ತಾಣಗಳಲ್ಲಿಯೂ ಸೊಗಸಾಗಿ ಕೆಲಸಮಾಡುವ ಹುಡುಕುವ ಪೆಟ್ಟಿಗೆಗಳನ್ನು ನಾವು ನೋಡುತ್ತೇವೆ. ಅದು ಹೇಗೆ ಸಾಧ್ಯ? ಶ್ರಮವನ್ನು ಎರಡು ಭಾಗಮಾಡಿ ಹಂಚುವುದರಿಂದ. ತಾಣವನ್ನು ಸಿದ್ಧಪಡಿಸುವಾಗಲೇ ಎಲ್ಲ ಪುಟಗಳ ಪದಗಳನ್ನೂ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯೊಂದನ್ನು ಫೈಲಾಗಿ ಬರೆದಿಡುವುದು ಮೊದಲ ಭಾಗ. ಓದುಗನ ಬ್ರೌಸರು ಆ ಸೂಚಿಯನ್ನು ತರಿಸಿಕೊಂಡು ತಾನೇ ಅದರಲ್ಲಿ ಹುಡುಕುವುದು ಎರಡನೆಯ ಭಾಗ. ಹೋಸ್ಟಿನ ಪಾಲಿಗೆ ಸೂಚಿಯೂ ಒಂದು ಫೈಲು, ಅಷ್ಟೇ. ಬೇರೊಂದು ಸಂಸ್ಥೆಯ ಶೋಧಕಯಂತ್ರಕ್ಕೆ ಈ ಕೆಲಸವನ್ನು ಒಪ್ಪಿಸುವ ದಾರಿಯೂ ಉಂಟು. ಆದರೆ ಓದುಗನು ಕೇಳಿದ ಪ್ರಶ್ನೆಯು ಆಗ ಪರರ ಸರ್ವರಿಗೆ ಹೋಗುತ್ತದೆ. ಸಣ್ಣ ಸಂಗ್ರಹಕ್ಕೆ ಸ್ವಂತ ಸೂಚಿಯೇ ಸಾಕು.

ಬ್ರೌಸರಿನಲ್ಲಿ ಹುಡುಕುವ ಸಾಧನಗಳ ಪೈಕಿ ಲೂನರ್ ಎಂಬುದು ಬಹಳ ಬಳಕೆಯಲ್ಲಿದೆ. ಸೋಲಾರ್ ಎಂಬ ದೊಡ್ಡ ಶೋಧಕಯಂತ್ರದ ಹೆಸರಿಗೆ ಜೋಡಿಯಾಗಿ ಈ ಹೆಸರನ್ನು ಕಟ್ಟಿದ್ದಾರೆ. ಅದು ಸೂರ್ಯ, ಇದು ಚಂದ್ರ. ಎಂಕೆಡಾಕ್ಸ್ ಸಾಧನವು ತನ್ನ ಹುಡುಕುವ ಪೆಟ್ಟಿಗೆಗೆ ಲೂನರನ್ನೇ ಬಳಸುತ್ತದೆ.

ಈ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷಪರೀಕ್ಷೆಯ ಕ್ರಮವು ತಾನಾಗಿಯೇ ಹೊಳೆಯುತ್ತದೆ. ನಾನು ಅನುಸರಿಸುವುದು ಮೂರು ಪ್ರಶ್ನೆಗಳನ್ನು. ಪೆಟ್ಟಿಗೆಯು ಪುಟದಲ್ಲಿದೆಯೆ? ಸೂಚಿಯ ಫೈಲು ಬ್ರೌಸರಿಗೆ ಬರುತ್ತಿದೆಯೆ? ಬಂದ ಸೂಚಿಯಲ್ಲಿ ಪದವು ಇದೆಯೆ? ಇವನ್ನು ಇದೇ ಕ್ರಮದಲ್ಲಿ ಕೇಳಬೇಕು. ಮೊದಲನೆಯದಕ್ಕೆ ಉತ್ತರ ತಿಳಿಯದೆ ಮೂರನೆಯದಕ್ಕೆ ಕೈಹಾಕುವುದು, ನಾಡಿ ನೋಡದೆ ಔಷಧ ಕೊಟ್ಟಂತೆ.

ಪೆಟ್ಟಿಗೆಯೇ ಕಾಣದಿದ್ದರೆ

ಪೆಟ್ಟಿಗೆ ಕಾಣದಿರುವುದಕ್ಕೆ ಸಾಮಾನ್ಯವಾಗಿ ಕಾರಣ ಸಿದ್ಧತೆಯ ಹಂತದಲ್ಲಿಯೇ ಇರುತ್ತದೆ. ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಎಂಕೆಡಾಕ್ಸ್‌ನಲ್ಲಿ ಹುಡುಕುವ ಪ್ಲಗಿನ್ ಎಂಬ ಪೂರಕ ಭಾಗವು ಯಾರೂ ಕೇಳದೆಯೇ ಜೊತೆಗಿರುತ್ತದೆ. ಆದರೆ ಒಡೆಯನು ತನ್ನ ಏರ್ಪಾಡಿನ ಫೈಲಿನಲ್ಲಿ ಪ್ಲಗಿನ್‌ಗಳ ಪಟ್ಟಿಯೊಂದನ್ನು ಬರೆದನೋ, ಆಗ ಆ ಪಟ್ಟಿಯೇ ಪ್ರಮಾಣ. ಅದರಲ್ಲಿ ಹೆಸರಿಲ್ಲದುದಕ್ಕೆ ಪ್ರವೇಶವಿಲ್ಲ. ಚಿತ್ರಗಳಿಗೋ ದಿನಾಂಕಕ್ಕೋ ಹೊಸ ಪ್ಲಗಿನ್ ಒಂದನ್ನು ಸೇರಿಸಿದ ದಿನದಿಂದಲೇ ಹುಡುಕುವ ಪೆಟ್ಟಿಗೆ ಕಾಣೆಯಾಗುವುದುಂಟು. ಪಟ್ಟಿಯಲ್ಲಿ ಸರ್ಚ್ ಎಂಬ ಹೆಸರನ್ನೂ ಒಂದು ಸಾಲಾಗಿ ಬರೆದರೆ ಅದು ಮರಳಿ ಬರುತ್ತದೆ. ಮದುವೆಗೆ ಕರೆಯೋಲೆ ಬರೆಯುವಾಗ ಮನೆಯವರ ಹೆಸರನ್ನು ಯಾರೂ ಬರೆಯುವುದಿಲ್ಲ. ಇಲ್ಲಿಯಾದರೋ ಬರೆಯದಿದ್ದರೆ ಮನೆಯವರೇ ಹೊರಗುಳಿಯುತ್ತಾರೆ.

ಎರಡನೆಯದು ಜೆಕಿಲ್ ಬಳಸುವವರಿಗೆ ಸಂಬಂಧಿಸಿದ್ದು. ಗಿಟ್‌ಹಬ್ ಪೇಜಸ್ ತಾನೇ ಜೆಕಿಲ್ ಓಡಿಸಿ ತಾಣವನ್ನು ಸಿದ್ಧಪಡಿಸುವಾಗ, ಸುರಕ್ಷತೆಯ ದೃಷ್ಟಿಯಿಂದ ತಾನು ಒಪ್ಪಿದ ಕೆಲವೇ ಪ್ಲಗಿನ್‌ಗಳನ್ನು ಮಾತ್ರ ಓಡಿಸುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ನಡೆದು, ಪ್ರಕಟವಾದ ತಾಣದಲ್ಲಿ ಮಾತ್ರ ಸೂಚಿಯು ಹುಟ್ಟದಿದ್ದರೆ ಮೊದಲು ಶಂಕಿಸಬೇಕಾದುದು ಇದನ್ನು. ಪರಿಹಾರವೂ ಸರಳ. ಪುಟಗಳನ್ನು ನಾವೇ ಸಿದ್ಧಪಡಿಸಿ, ಸಿದ್ಧವಾದುದನ್ನು ಮಾತ್ರ ಹೋಸ್ಟಿಗೆ ಕಳುಹಿಸಬೇಕು. ಅಥವಾ ಗಿಟ್‌ಹಬ್ ಆ್ಯಕ್ಷನ್ಸ್ ಎಂಬ ಏರ್ಪಾಡಿನ ಮೂಲಕ ನಮಗೆ ಬೇಕಾದ ಪ್ಲಗಿನ್‌ಗಳೊಡನೆ ಸಿದ್ಧಪಡಿಸಿಕೊಳ್ಳಬೇಕು.

ಸೂಚಿಯು ಬಾರದಿದ್ದರೆ

ಪೆಟ್ಟಿಗೆ ಇದೆ, ಪದ ಬರೆದರೆ ಏನೂ ಆಗುವುದಿಲ್ಲ. ಅಥವಾ ಕಾಯುವ ಚಕ್ರವೊಂದು ಸುಮ್ಮನೆ ತಿರುಗುತ್ತಿರುತ್ತದೆ. ಆಗ ಸೂಚಿಯ ಫೈಲಿನ ಗತಿಯೇನಾಯಿತೆಂದು ನೋಡಬೇಕು. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್ 12 ಎಂಬ ಕೀಲಿಯನ್ನು ಒತ್ತಿದರೆ ಪರೀಕ್ಷೆಯ ಫಲಕವೊಂದು ತೆರೆಯುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ವಿಭಾಗವನ್ನು ತೆರೆದಿಟ್ಟು ಪುಟವನ್ನು ಮತ್ತೆ ತರಿಸಿದರೆ, ಯಾವ ಯಾವ ಫೈಲನ್ನು ಕೇಳಲಾಯಿತು, ಯಾವುದು ಬಂತು, ಯಾವುದು ಬರಲಿಲ್ಲ ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ. ಸೂಚಿಯ ಹೆಸರಿನ ಮುಂದೆ 200 ಎಂದಿದ್ದರೆ ಅದು ಬಂದಿದೆ. 404 ಎಂದಿದ್ದರೆ ಕೇಳಿದ ಸ್ಥಳದಲ್ಲಿ ಅದಿಲ್ಲ. ಈ ಫಲಕವನ್ನು ನೋಡದೆ ಊಹೆಯಿಂದ ತಿದ್ದುಪಡಿ ಮಾಡುತ್ತ ಹೋದರೆ ದಿನಗಳು ಕಳೆಯುತ್ತವೆ.

404 ಬರುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುವನ್ನು ಹೇಳುತ್ತೇನೆ.

ಮೊದಲನೆಯದು ವಿಳಾಸದ ದೋಷ. ಅನೇಕ ಸ್ಥಿರತಾಣಗಳು ಹೋಸ್ಟಿನ ಹೆಸರಿನ ಕೆಳಗೆ ಒಂದು ಫೋಲ್ಡರಿನಂತೆ ವಾಸಿಸುತ್ತವೆ. ತಾಣದ ಹೆಸರು ‘ಸಂಚಿಕೆ’ ಎಂದಿಟ್ಟುಕೊಳ್ಳೋಣ. ಸೂಚಿಯು ನಿಜವಾಗಿ ಇರುವುದು ‘ಸಂಚಿಕೆ’ಯ ಒಳಗೆ. ಪುಟವು ಅದನ್ನು ಬರಿಯ ಓರೆಗೆರೆಯಿಂದ ಆರಂಭವಾಗುವ ವಿಳಾಸದಲ್ಲಿ ಕೇಳಿದರೆ, ಬ್ರೌಸರು ಹೋಸ್ಟಿನ ತಲೆಬಾಗಿಲಿಗೆ ಹೋಗಿ ಕೇಳುತ್ತದೆ. ಒಳಮನೆಯಲ್ಲಿರುವವನನ್ನು ಬೀದಿಯಲ್ಲಿ ನಿಂತು ಕೂಗಿದಂತಾಯಿತು. ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸುವಾಗ ತಾಣವು ತಲೆಬಾಗಿಲಿನಲ್ಲಿಯೇ ಇರಬಹುದಾದುದರಿಂದ ಈ ದೋಷ ಅಲ್ಲಿ ಕಾಣುವುದಿಲ್ಲ. ತಾಣದ ಮೂಲ ವಿಳಾಸವನ್ನು ಏರ್ಪಾಡಿನ ಫೈಲಿನಲ್ಲಿ ಸರಿಯಾಗಿ ಬರೆದು, ಸೂಚಿಯ ವಿಳಾಸವನ್ನು ಅದರ ಮೇಲೆ ಕಟ್ಟಬೇಕು.

ಎರಡನೆಯದು ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದ. ವಿಂಡೋಸ್ ಕಂಪ್ಯೂಟರು ಫೈಲಿನ ಹೆಸರಿನಲ್ಲಿ ಈ ಭೇದವನ್ನು ಸಾಮಾನ್ಯವಾಗಿ ಗಣಿಸುವುದಿಲ್ಲ. ಲಿನಕ್ಸ್ ಮೇಲೆ ನಡೆಯುವ ಸರ್ವರುಗಳು ಗಣಿಸುತ್ತವೆ. ಕನ್ನಡದಲ್ಲಿ ಈ ಭೇದವೇ ಇಲ್ಲವಾದುದರಿಂದ ನಮ್ಮ ಕಣ್ಣು ಅದನ್ನು ಸುಲಭವಾಗಿ ಹಿಡಿಯದು.

ಮೂರನೆಯದು ಅಡಿಗೆರೆಯ ಕಥೆ. ಜೆಕಿಲ್ ಸಾಧನವು ಅಡಿಗೆರೆಯಿಂದ ಆರಂಭವಾಗುವ ಹೆಸರಿನ ಫೈಲು ಫೋಲ್ಡರುಗಳನ್ನು ತನ್ನ ಸ್ವಂತ ಸಾಮಗ್ರಿಯೆಂದು ಬಗೆದು ಪ್ರಕಟಿಸದೆ ಬಿಡುತ್ತದೆ. ಸ್ಫಿಂಕ್ಸ್ ಸಾಧನವಾದರೋ ತನ್ನ ಅಲಂಕಾರದ ಮತ್ತು ಹುಡುಕುವಿಕೆಯ ಸ್ಕ್ರಿಪ್ಟುಗಳನ್ನು ಇರಿಸುವುದೇ ಅಡಿಗೆರೆಯಿಂದ ಆರಂಭವಾಗುವ ‘_ಸ್ಟ್ಯಾಟಿಕ್’ ಎಂಬ ಫೋಲ್ಡರಿನಲ್ಲಿ. ಸ್ಫಿಂಕ್ಸ್ ಸಿದ್ಧಪಡಿಸಿದ ತಾಣವನ್ನು ಜೆಕಿಲ್ ಓಡಿಸುವ ಹೋಸ್ಟಿನಲ್ಲಿ ಹಾಗೆಯೇ ಇಟ್ಟರೆ ಒಬ್ಬನ ಪದ್ಧತಿಯು ಇನ್ನೊಬ್ಬನ ಪದ್ಧತಿಗೆ ಅಡ್ಡಿಯಾಗಿ, ಪುಟವು ಬೋಳಾಗಿಯೂ ಪೆಟ್ಟಿಗೆಯು ಮೂಕವಾಗಿಯೂ ಉಳಿಯುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ಇದಕ್ಕೆ ಪರಿಹಾರವು ಚುಕ್ಕೆಯಿಂದ ಆರಂಭವಾಗುವ ‘.ನೋಜೆಕಿಲ್’ ಎಂಬ ಹೆಸರಿನ ಖಾಲಿ ಫೈಲೊಂದನ್ನು ತಾಣದ ಮೊದಲ ಫೋಲ್ಡರಿನಲ್ಲಿಡುವುದು. ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಬರೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಒಳಗೆ ಒಂದಕ್ಷರವೂ ಇಲ್ಲದ ಫೈಲು ಇಷ್ಟು ದೊಡ್ಡ ಕೆಲಸ ಮಾಡುವುದು ಸ್ವಾರಸ್ಯವಲ್ಲವೆ?

ನಾಲ್ಕನೆಯದಾಗಿ, ಸೂಚಿಯು ಹುಟ್ಟಿಯೇ ಇಲ್ಲದಿರಬಹುದು. ಹ್ಯೂಗೋ ಸಾಧನವು ಮುಖಪುಟಕ್ಕೆ ಜೇಸನ್ ರೂಪದ ಫೈಲನ್ನು ತಾನಾಗಿ ಬರೆಯುವುದಿಲ್ಲ. ಜೇಸನ್ ಎಂದರೆ ಯಂತ್ರವು ಓದಿಕೊಳ್ಳಲು ಅನುಕೂಲವಾದ ಒಂದು ಬರವಣಿಗೆಯ ಕ್ರಮ. ಅದನ್ನೂ ಬರೆಯಬೇಕೆಂದು ಏರ್ಪಾಡಿನಲ್ಲಿ ಹೇಳಿ, ಅದಕ್ಕೊಂದು ಅಚ್ಚನ್ನೂ ಒದಗಿಸಬೇಕು.

404 ಅಲ್ಲದ ತೊಡಕುಗಳೂ ಇವೆ. ಪುಟದ ಫೈಲನ್ನು ನೇರವಾಗಿ ಎರಡು ಸಲ ಒತ್ತಿ ತೆರೆದಾಗ ಬ್ರೌಸರು ಸುರಕ್ಷತೆಗಾಗಿ ಪಕ್ಕದ ಫೈಲನ್ನು ಓದಲು ಬಿಡುವುದಿಲ್ಲ. ಪರೀಕ್ಷೆಗೆ ಸಣ್ಣ ಸರ್ವರೊಂದನ್ನು ಓಡಿಸಿಯೇ ನೋಡಬೇಕು. ತಿದ್ದಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಬ್ರೌಸರು ತನ್ನಲ್ಲಿ ಕೂಡಿಟ್ಟ ಹಳೆಯ ಪ್ರತಿಯನ್ನು ತೋರಿಸುತ್ತಿರಬಹುದು. ಕೆಲವು ನಿಮಿಷ ಕಾಯಬೇಕು, ಇಲ್ಲವೆ ಹಳೆಯ ಪ್ರತಿಯನ್ನು ಅಳಿಸಬೇಕು.

ಇನ್ನೊಂದು ಸೂಕ್ಷ್ಮ. ಜೆಕಿಲ್‌ನಲ್ಲಿ ಸೂಚಿಯ ಫೈಲನ್ನು ಅಚ್ಚಿನಿಂದ ತುಂಬಿಸುವುದಾದರೆ, ಆ ಫೈಲಿನ ತಲೆಯಲ್ಲಿ ಮೂರು ಅಡ್ಡಗೆರೆಗಳ ಸಾಲು ಎರಡಿರಬೇಕು. ಅವಿಲ್ಲದಿದ್ದರೆ ಜೆಕಿಲ್ ಅದನ್ನು ಮುಟ್ಟದೆ ಹಾಗೆಯೇ ಕಳುಹಿಸುತ್ತದೆ. ಆಗ 200 ಎಂಬ ಅಂಕೆಯೇನೋ ಕಾಣುತ್ತದೆ, ಆದರೆ ಬಂದದ್ದು ಸೂಚಿಯಲ್ಲ, ತುಂಬದ ಖಾಲಿ ಅಚ್ಚು. ಆದಕಾರಣ ಫೈಲು ಬಂತೆಂದು ತೃಪ್ತರಾಗದೆ, ಅದನ್ನು ತೆರೆದು ಒಳಗೇನಿದೆಯೆಂದು ಕಣ್ಣಾರೆ ನೋಡಬೇಕು.

ಸೂಚಿ ಬಂದೂ ಕನ್ನಡ ಪದ ಸಿಗದಿದ್ದರೆ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಭಾಷೆಗಳಿಗೂ ಸಮಾನ. ನಮ್ಮನ್ನು ವಿಶೇಷವಾಗಿ ಬಾಧಿಸುವ ತೊಡಕು ಮೂರನೆಯ ಪ್ರಶ್ನೆಯಲ್ಲಿದೆ. ಇದನ್ನು ತಿಳಿಯಲು ನಾನು ಒಂದು ಸಣ್ಣ ಪ್ರಯೋಗ ಮಾಡಿದೆನು. ನಾಲ್ಕೇ ಪುಟಗಳ ತಾಣ, ಎರಡು ಇಂಗ್ಲಿಷಿನವು, ಎರಡು ಕನ್ನಡದವು. ಹುಡುಕಲು ಲೂನರ್, ಯಾವ ಪೂರಕವೂ ಇಲ್ಲದೆ. ಇಂಗ್ಲಿಷ್ ಪದಗಳೆಲ್ಲ ತಕ್ಷಣ ದೊರೆತುವು. ಕನ್ನಡದ ಪದ ಒಂದೂ ದೊರೆಯಲಿಲ್ಲ. ಪುಟ ಇದೆ, ಪೆಟ್ಟಿಗೆ ಇದೆ, ಸೂಚಿ ಬಂದಿದೆ, ದೋಷಸೂಚನೆ ಏನೂ ಇಲ್ಲ. ಆದರೂ ಕನ್ನಡವು ಆ ಯಂತ್ರದ ಕಣ್ಣಿಗೆ ಇಲ್ಲವೇ ಇಲ್ಲ.

ಕಾರಣವಿಷ್ಟೆ. ಸೂಚಿಯನ್ನು ಕಟ್ಟುವಾಗ ಲೂನರ್ ಪ್ರತಿಯೊಂದು ಪದದ ಎರಡು ತುದಿಗಳಲ್ಲಿ ಅಂಟಿಕೊಂಡಿರುವ ಅಲ್ಪವಿರಾಮ, ಆವರಣಚಿಹ್ನೆ ಮೊದಲಾದುವನ್ನು ಸವರಿಹಾಕುತ್ತದೆ. ಯಾವುದು ಅಕ್ಷರ, ಯಾವುದು ಕಸ ಎಂದು ಗುರುತಿಸಲು ಅದು ಜಾವಾಸ್ಕ್ರಿಪ್ಟಿನ ಹಳೆಯ ನಿಯಮವೊಂದನ್ನು ಬಳಸುತ್ತದೆ. ಆ ನಿಯಮದಲ್ಲಿ ಅಕ್ಷರವೆಂದರೆ ಎ ಯಿಂದ ಜೆಡ್ ವರೆಗಿನ ಇಂಗ್ಲಿಷ್ ಅಕ್ಷರಗಳು, ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳು ಮತ್ತು ಅಡಿಗೆರೆ, ಉಳಿದದ್ದೆಲ್ಲ ಕಸ. “1956ರಲ್ಲಿ ಕನ್ನಡ ನಾಡು ಒಂದಾಯಿತು” ಎಂಬ ವಾಕ್ಯವನ್ನು ಈ ಜರಡಿಯಲ್ಲಿ ಹಾಕಿದರೆ ಉಳಿಯುವುದು 1956 ಎಂಬ ಅಂಕೆ ಮಾತ್ರ. ಕನ್ನಡವೂ ಹೋಯಿತು, ನಾಡೂ ಹೋಯಿತು, ಒಂದಾದುದೂ ಹೋಯಿತು!

ಇದರಲ್ಲಿ ಯಾರ ದ್ವೇಷವೂ ಇಲ್ಲ. ಇಂಗ್ಲಿಷನ್ನು ಮುಂದಿಟ್ಟುಕೊಂಡು ಬರೆದ ಒಂದು ನಿಯಮ ಎಲ್ಲ ಭಾಷೆಗಳಿಗೂ ಸಾಮಾನ್ಯವೆಂಬಂತೆ ಹರಿದುಬಂದಿದೆ. ಪರಿಹಾರಗಳೂ ಇವೆ. ಲೂನರಿಗೆ ಬೇರೆ ಬೇರೆ ಭಾಷೆಗಳನ್ನು ಕಲಿಸುವ ‘ಲೂನರ್ ಲ್ಯಾಂಗ್ವೇಜಸ್’ ಎಂಬ ಪೂರಕ ಕಟ್ಟಿನಲ್ಲಿ ಕನ್ನಡಕ್ಕೂ ಸ್ಥಾನವಿದೆ. ಅದನ್ನು ಸೂಚಿ ಕಟ್ಟುವಲ್ಲಿಯೂ ಹುಡುಕುವಲ್ಲಿಯೂ ಸೇರಿಸಬೇಕು. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಕೆಲಸ ಕೆಡುತ್ತದೆ. ಸವರುವ ನಿಯಮವನ್ನು ತಾವೇ ಬರೆದುಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು. ಯೂನಿಕೋಡ್ ಎಂಬ ವಿಶ್ವಲಿಪಿಸಂಕೇತದಲ್ಲಿ ಕನ್ನಡದ ಗುಣಿತಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಅಕ್ಷರಗಳ ವರ್ಗಕ್ಕೆ ಸೇರದೆ, ಕೂಡುಚಿಹ್ನೆಗಳೆಂಬ ಬೇರೊಂದು ವರ್ಗಕ್ಕೆ ಸೇರಿವೆ. ಅಕ್ಷರಗಳನ್ನು ಮಾತ್ರ ಉಳಿಸು ಎಂದು ಬರೆದರೆ ‘ನದಿ’ಯು ‘ನದ’ವಾಗುತ್ತದೆ, ‘ಕವಿ’ಯು ‘ಕವ’ವಾಗುತ್ತಾನೆ. ಎರಡು ವರ್ಗಗಳನ್ನೂ ಉಳಿಸುವಂತೆ ಹೇಳಬೇಕು.

ಸಂಕೇತಗಳ ಎಣಿಕೆಯಿಂದ ಇನ್ನೊಂದು ಸಂಗತಿಯೂ ಹುಟ್ಟುತ್ತದೆ. ಎಂಕೆಡಾಕ್ಸ್‌ನ ಮೂಲ ಏರ್ಪಾಡಿನಲ್ಲಿ ಮೂರಕ್ಕಿಂತ ಕಡಮೆ ಅಕ್ಷರಗಳ ಪದವನ್ನು ಹುಡುಕುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಷರದ ಪದಗಳು ಹೆಚ್ಚಾಗಿ ಅವ್ಯಯಗಳಾದುದರಿಂದ ನಷ್ಟವಿಲ್ಲ. ಕನ್ನಡದಲ್ಲಿ ‘ಮರ’, ‘ಜನ’, ‘ಹಣ’, ‘ರಸ’ ಇವೆಲ್ಲ ಎರಡೇ ಸಂಕೇತಗಳ ಪದಗಳು. ‘ನದಿ’ಗೆ ಗುಣಿತಚಿಹ್ನೆ ಸೇರಿ ಮೂರಾಗುವುದರಿಂದ ಅದು ಪಾರಾಗುತ್ತದೆ, ‘ಮರ’ ಬೀಳುತ್ತದೆ. ಕಾವ್ಯಮೀಮಾಂಸೆಯ ತಾಣದಲ್ಲಿ ‘ರಸ’ವೇ ಸಿಗದಿದ್ದರೆ ಏನು ಫಲ? ಏರ್ಪಾಡಿನಲ್ಲಿ ಆ ಮಿತಿಯನ್ನು 2 ಎಂದು ಬದಲಾಯಿಸಬಹುದು.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಇಷ್ಟಾದ ಮೇಲೂ ಕೆಲವು ಪದಗಳು ಕೈಗೆ ಸಿಗುವುದಿಲ್ಲ. ‘ಕೊ’ ಎಂಬ ಅಕ್ಷರವನ್ನು ನೋಡಿ. ಕಕಾರದ ಮೇಲೆ ‘ೊ’ ಎಂಬ ಒಂದೇ ಚಿಹ್ನೆಯಾಗಿ ಅದನ್ನು ಬರೆಯಬಹುದು. ‘ೆ’ ಮತ್ತು ‘ೂ’ ಎಂಬ ಎರಡು ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಯೂನಿಕೋಡ್‌ನವರೇ ಇದಕ್ಕೆ ಏಕರೂಪಗೊಳಿಸುವ ನಿಯಮವನ್ನು ಮಾಡಿದ್ದಾರೆ. ಸೂಚಿ ಕಟ್ಟುವ ಮುನ್ನವೂ ಪ್ರಶ್ನೆ ಕೇಳುವ ಮುನ್ನವೂ ಪಠ್ಯವನ್ನು ಆ ನಿಯಮದಲ್ಲಿ ಹಾಯಿಸಿದರೆ ಈ ಭೇದ ಅಳಿಯುತ್ತದೆ.

ಆದರೆ ಎಲ್ಲ ಭೇದಗಳೂ ಇದರಿಂದ ಅಳಿಯುವುದಿಲ್ಲ. ‘ರಾಜ್‌ಕುಮಾರ್’ ಎಂದು ಬಿಡಿಯಾಗಿ ತೋರುವಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಅದನ್ನಿಡದೆ ಹುಡುಕಿದವನಿಗೆ ಆ ಹೆಸರು ದೊರೆಯದು. ಈ ಅದೃಶ್ಯ ಸಂಕೇತವನ್ನು ಸೂಚಿಯಲ್ಲಿಯೂ ಪ್ರಶ್ನೆಯಲ್ಲಿಯೂ ತೆಗೆದುಹಾಕುವುದು ಲೇಸು. ಪುಟದಲ್ಲಿ ಮಾತ್ರ ಅದು ಇರಲಿ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡವು ನೋಡಲು ಕನ್ನಡ. ಒಳಗಿರುವ ಸಂಕೇತಗಳು ಇಂಗ್ಲಿಷ್ ಮೊದಲಾದ ಲ್ಯಾಟಿನ್ ಲಿಪಿಯವು. ಅಂಥ ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿದ ಮೇಲೆಯೇ ತಾಣಕ್ಕೆ ಏರಿಸಬೇಕು. ಹಳೆಯ ಸಂಚಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರಗಳಾಗಿ ಏರಿಸಿದರಂತೂ ಅಲ್ಲಿ ಅಕ್ಷರವೇ ಇಲ್ಲ, ಅಕ್ಷರದ ಭಾವಚಿತ್ರವಿದೆ. ಚಿತ್ರದಿಂದ ಅಕ್ಷರವನ್ನು ಓದುವ ಟೆಸರ್ಯಾಕ್ಟ್ ಎಂಬ ಉಚಿತ ಸಾಧನವು ಕನ್ನಡವನ್ನೂ ಓದಬಲ್ಲದು. ಆದರೆ ಅದರ ಓದನ್ನು ಮನುಷ್ಯನು ಮತ್ತೊಮ್ಮೆ ನೋಡಲೇಬೇಕು.

ವಿಭಕ್ತಿಗಳ ಸಮಸ್ಯೆ

ಕೊನೆಯದಾಗಿ, ವ್ಯಾಕರಣದ ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ ಒಂದು ವಿಚಾರ. ಇಂಗ್ಲಿಷಿನಲ್ಲಿ ನಾಮಪದಕ್ಕೆ ರೂಪಗಳು ಕಡಮೆ. ನಮ್ಮಲ್ಲಿ ಮನೆಯು, ಮನೆಯನ್ನು, ಮನೆಯಿಂದ, ಮನೆಗೆ, ಮನೆಯ, ಮನೆಯಲ್ಲಿ ಎಂದು ಪ್ರತ್ಯಯಗಳು ಅಂಟಿಕೊಳ್ಳುತ್ತವೆ. ಯಂತ್ರವು ಪ್ರತಿಯೊಂದನ್ನೂ ಬೇರೆ ಪದವೆಂದೇ ಎಣಿಸುತ್ತದೆ. ಲೂನರಿನಲ್ಲಿ ಪದದ ಕೊನೆಗೆ * ಎಂಬ ನಕ್ಷತ್ರಚಿಹ್ನೆಯನ್ನಿಟ್ಟು ‘ಮನೆ*’ ಎಂದು ಕೇಳಿದರೆ, ‘ಮನೆ’ಯಿಂದ ಆರಂಭವಾಗುವ ರೂಪಗಳೆಲ್ಲ ದೊರೆಯುತ್ತವೆ.

ಆದರೆ ‘ಊರು*’ ಎಂದು ಕೇಳಿದರೆ ‘ಊರಿಗೆ’, ‘ಊರಿನಲ್ಲಿ’ ಎಂಬುವು ದೊರೆಯವು. ಪ್ರತ್ಯಯ ಹತ್ತಿದಾಗ ಕೊನೆಯ ಉಕಾರವು ಬಿಟ್ಟುಹೋಗಿ ‘ರು’ ಇದ್ದಲ್ಲಿ ‘ರಿ’ ಬಂದಿದೆ. ಉಕಾರದ ಚಿಹ್ನೆಯನ್ನು ಬಿಟ್ಟು ‘ಊರ*’ ಎಂದು ಕೇಳಿದರೆ ಎಲ್ಲವೂ ಬರುತ್ತವೆ, ಏಕೆಂದರೆ ಗುಣಿತಚಿಹ್ನೆಯು ಯಂತ್ರಕ್ಕೆ ರಕಾರದ ಮುಂದೆ ಬರುವ ಬೇರೊಂದು ಸಂಕೇತ. ಸಂಧಿಪ್ರಕರಣದಲ್ಲಿ ನಾವು ಕಂಠಪಾಠ ಮಾಡುವ ಲೋಪಸಂಧಿಯ ನಿಯಮವು ಇಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆ! ಹುಡುಕುವ ಪೆಟ್ಟಿಗೆಯ ಹಿಂದೆ ಎರಡು ಸಾಲಿನ ಸ್ಕ್ರಿಪ್ಟು ಬರೆದು, ಕೊನೆಯ ಉಕಾರವನ್ನು ತೆಗೆದು ನಕ್ಷತ್ರವನ್ನು ತಾನಾಗಿ ಸೇರಿಸುವಂತೆ ಮಾಡಿದರೆ ಓದುಗನಿಗೆ ಈ ಗೊಡವೆಯೂ ಇರದು. ‘ಊರ್ವಶಿ’ಯಂಥ ಸಂಬಂಧವಿಲ್ಲದ ಕೆಲವು ಪದಗಳೂ ಜೊತೆಗೆ ಬರುತ್ತವೆ, ಅದನ್ನು ಸಹಿಸಿಕೊಳ್ಳಬಹುದು. ಬೇಡದ ಎರಡು ಪುಟ ಬಂದರೆ ಓದುಗನು ದಾಟಿಹೋಗುತ್ತಾನೆ, ಬೇಕಾದ ಪುಟ ಬಾರದಿದ್ದರೆ ಅದು ಇತ್ತೆಂಬುದೇ ಅವನಿಗೆ ತಿಳಿಯದು.

ಸೂಚಿಯ ಗಾತ್ರದ ಬಗೆಗೂ ಒಂದು ಮಾತು. ಯೂನಿಕೋಡನ್ನು ಶೇಖರಿಸುವ ಸಾಮಾನ್ಯ ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟು, ಕನ್ನಡದ ಒಂದು ಸಂಕೇತಕ್ಕೆ 3 ಬೈಟು ಬೇಕು. ‘ಕಾಲೇಜು’ ಎಂಬ ಪದದಲ್ಲಿ 6 ಸಂಕೇತಗಳಿರುವುದರಿಂದ 18 ಬೈಟುಗಳಾದುವು. ತಾಣವು ಬೆಳೆದಂತೆ ಇಡೀ ಸೂಚಿಯನ್ನು ಫೋನಿಗೆ ಇಳಿಸಿಕೊಳ್ಳುವುದು ಹಳ್ಳಿಯ ಮಂದ ಸಂಪರ್ಕದಲ್ಲಿ ಓದುವವನಿಗೆ ಹೊರೆ. ಸೂಚಿಯನ್ನು ತುಣುಕುಗಳಾಗಿ ಒಡೆದಿಟ್ಟು ಬೇಕಾದ ತುಣುಕನ್ನು ಮಾತ್ರ ತರಿಸಿಕೊಳ್ಳುವ ಪೇಜ್‌ಫೈಂಡ್ ಮುಂತಾದ ಸಾಧನಗಳು ಇಂಥ ತಾಣಗಳಿಗೆ ಅನುಕೂಲ.

ಮುಗಿಸುವ ಮುನ್ನ

ಪೆಟ್ಟಿಗೆಯು ಕಾಣದಿದ್ದರೆ ಅದನ್ನು ಯಾರಾದರೂ ಗಮನಿಸುತ್ತಾರೆ, ಹೇಳುತ್ತಾರೆ, ಸರಿಪಡಿಸುತ್ತಾರೆ. ಪೆಟ್ಟಿಗೆಯಿದ್ದು ಕನ್ನಡ ಪದಕ್ಕೆ “ಫಲಿತಾಂಶವಿಲ್ಲ” ಎಂಬ ಉತ್ತರ ಬಂದರೆ, ಓದುಗನು ಯಂತ್ರವನ್ನು ಶಂಕಿಸುವುದಿಲ್ಲ. ಆ ವಿಷಯವೇ ಸಂಗ್ರಹದಲ್ಲಿಲ್ಲವೆಂದು ನಂಬಿ ಹಿಂದಿರುಗುತ್ತಾನೆ. ಅಜ್ಜಿಯೊಬ್ಬಳು ಹಾಡಿದ್ದನ್ನು ವಿದ್ಯಾರ್ಥಿಯೊಬ್ಬನು ಬರೆದುಕೊಂಡು ಪ್ರಕಟಿಸಿದ ಶ್ರಮವೆಲ್ಲ ಆ ಎರಡು ಪದಗಳ ಮುಂದೆ ನಿಷ್ಫಲವಾಗುತ್ತದೆ. ಆದಕಾರಣ ಮೂರು ಪ್ರಶ್ನೆಗಳ ಪೈಕಿ ಮೂರನೆಯದನ್ನು ಹೆಚ್ಚು ಜಾಗರೂಕತೆಯಿಂದ ಕೇಳಬೇಕೆಂದು ನನ್ನ ಅಭಿಪ್ರಾಯ.

ತಾಣವನ್ನು ಪ್ರಕಟಿಸುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಅದು ಸಿದ್ಧವಾಯಿತೆಂದು ಸಾರುವ ಮುನ್ನ ಸಂಗ್ರಹದಲ್ಲಿ ಇದೆಯೆಂದು ನಿಶ್ಚಯವಾಗಿ ಗೊತ್ತಿರುವ ಹತ್ತು ಕನ್ನಡ ಪದಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿರಿ. ಅವುಗಳಲ್ಲಿ ಎರಡಕ್ಷರದ ಒಂದು ಪದವೂ, ‘ಕೊ’ ‘ಕೋ’ಗಳಂಥ ಅಕ್ಷರವುಳ್ಳ ಒಂದು ಪದವೂ, ಉಕಾರದಲ್ಲಿ ಮುಗಿಯುವ ಒಂದು ಪದವೂ, ಒಂದು ವ್ಯಕ್ತಿನಾಮವೂ ಇರಲಿ. ತಾಣವನ್ನು ಕಟ್ಟದ ಸ್ನೇಹಿತನೊಬ್ಬನ ಕೈಗೆ ಆ ಕಾಗದವನ್ನು ಕೊಟ್ಟು, ಅವನ ಫೋನಿನಲ್ಲಿ, ಅವನಿಗೆ ಅಭ್ಯಾಸವಾದ ಕೀಲಿಮಣೆಯಲ್ಲಿ ಹುಡುಕಲು ಹೇಳಿರಿ. ಹತ್ತೂ ಸಿಕ್ಕಿದ ಮೇಲೆ ವಿಳಾಸವನ್ನು ನಮ್ಮೆಲ್ಲರಿಗೂ ತಿಳಿಸಿರಿ.